ಹಾಲಿವುಡ್ಡಿನ ಗೋವಳನೂ ಆತಕೂರಿನ ಕಾಳಿಯೂ

ರಾಯ್ ರೋಜರ್ಸ್ ಎಂಬ ಹಾಲಿವುಡ್ ನಟನ ಹೆಸರಿನ ಚಿತ್ರಕಥೆಗಳನ್ನು ಅಮೆರಿಕದ ಡೆಲ್ ಸಂಸ್ಥೆಯು 1948ರಿಂದ ಹತ್ತು ಸೆಂಟಿನ ಮಾಸಿಕವಾಗಿ ಹೊರತಂದಿತು. ಹೊದಿಕೆಯ ಮೇಲೆ ನಟನ ವರ್ಣಛಾಯಾಚಿತ್ರ. ಒಳಗೆ ಕಲಾವಿದನ ಕುಂಚದಲ್ಲಿ ಮೂಡಿದ ಅದೇ ಮುಖ. 1911ರಲ್ಲಿ ಸಿನ್ಸಿನಾಟಿ ನಗರದಲ್ಲಿ ಲಿಯೊನಾರ್ಡ್ ಸ್ಲೈ ಆಗಿ ಹುಟ್ಟಿದವನು ಹೀಗೆ ಹುಡುಗರ ಪಾಲಿಗೆ ದನಗಳ್ಳರನ್ನು ಅಟ್ಟುವ ಗೋವಳನಾದನು. ಅಂತಹದೊಂದು ಹರಿದ ಪ್ರತಿ ಮೈಸೂರಿನ ಹಳೆಯ ಪುಸ್ತಕದಂಗಡಿಯಿಂದ ಕೊತ್ತತ್ತಿಗೆ ಬಂದು, ನನ್ನ ಕಪಾಟಿನಲ್ಲಿ ಶಾಸನಸಂಪುಟಗಳ ಮಗ್ಗುಲಲ್ಲಿ ಕುಳಿತಿದೆ. ಗೆಳೆಯರು ನಗುತ್ತಾರೆ. ನನಗಾದರೋ ಆ ನೆರೆಹೊರೆ ಅಸಂಗತವೆಂದು ತೋರದು.

ತುರುಗಳನ್ನು ಮರಳಿಸಿ ಮಡಿದವನ ಕಥೆಯನ್ನು ನಮ್ಮವರೂ ಚೌಕಟ್ಟು ಚೌಕಟ್ಟಾಗಿಯೇ ಕಡೆದರು: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಅಷ್ಟೆ. ಆದರೆ ನಮ್ಮ ವೀರನು ಸಾಯುತ್ತಾನೆ. ರೋಜರ್ಸನು ಸಾಯುವಂತಿಲ್ಲ, ಮುಂದಿನ ತಿಂಗಳ ಸಂಚಿಕೆ ಕಾದಿದೆಯಲ್ಲ!

ಅವನ ಕುದುರೆ ಟ್ರಿಗರ್‌ಗೆ 1951ರಿಂದ ತನ್ನದೇ ಚಿತ್ರಕಥೆಯಿತ್ತು. 1965ರಲ್ಲಿ ಅದು ಸತ್ತಾಗ ಒಡೆಯನು ಅದರ ಚರ್ಮವನ್ನು ಅಚ್ಚಿಗೆ ಹೊದಿಸಿ ನಿಲ್ಲಿಸಿದನು. 2010ರ ಹರಾಜಿನಲ್ಲಿ ಅದು 2,66,500 ಡಾಲರಿಗೆ ಮಾರಾಟವಾಯಿತು. ಇದು ಪ್ರೀತಿಯೋ ವ್ಯಾಪಾರವೋ, ವಾಚಕರೇ ಹೇಳಬೇಕು. ಮದ್ದೂರು ಸೀಮೆಯ ಆತಕೂರಿನ ಕಾಳಿಯ ಗತಿ ಬೇರೆ. ಮಣಲೇರನು ಮೆಚ್ಚಿಗೆಯಾಗಿ ಬೇಡಿ ಪಡೆದ ಆ ಬೇಟೆನಾಯಿ ಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟುವುದೆಂದು ಕ್ರಿ.ಶ. 949-50ರ ಶಾಸನ ಸಾರುತ್ತದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆತಕೂರಿನ ಮಕ್ಕಳು ತಮ್ಮ ಊರಿನ ಕಾಳಿಯನ್ನು ನೋಡಲು ಬೆಂಗಳೂರಿನ ಬಸ್ಸು ಹತ್ತಬೇಕು.