ನಮ್ಮ ಹುಡುಗ ಎದುರಾಳಿಯ ಅಂಗಿ ತೊಟ್ಟಾಗ

2025ರ ಏಪ್ರಿಲ್ 10ರ ರಾತ್ರಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ತಂಡ 164 ರನ್ನುಗಳ ಬೆನ್ನು ಹತ್ತಿ ನಾಲ್ಕು ವಿಕೆಟ್ ಕಳೆದುಕೊಂಡಿತ್ತು. ಅಲ್ಲಿಂದ ಅದನ್ನು ದಡ ಸೇರಿಸಿದವರು ಕೆ.ಎಲ್. ರಾಹುಲ್. 53 ಎಸೆತಗಳಲ್ಲಿ ಔಟಾಗದೆ 93 ರನ್, ಕೊನೆಗೊಂದು ಸಿಕ್ಸರ್. ಆಮೇಲೆ ಬ್ಯಾಟಿನಿಂದ ನೆಲದ ಮೇಲೊಂದು ವೃತ್ತ ಎಳೆದು, ಅದರ ನಡುವೆ ಬ್ಯಾಟನ್ನು ಊರಿ ನಿಂತರು. ಇದು 'ಕಾಂತಾರ' ಚಿತ್ರದಿಂದ ಬಂದದ್ದು, ಈ ಮೈದಾನ ನಾನು ಬೆಳೆದ ಜಾಗ ಎಂದು ನೆನಪಿಸಲು ಹಾಗೆ ಮಾಡಿದೆ ಎಂದು ಅವರೇ ಹೇಳಿದರು.

ಸೋತದ್ದು ಊರಿನ ಐಪಿಎಲ್ ಕ್ರಿಕೆಟ್ ತಂಡ ಆರ್‌ಸಿಬಿ, ಸೋಲಿಸಿದ್ದು ಊರಿನ ಹುಡುಗ. ಆರ್‌ಸಿಬಿಯ ಕೆಲವು ಅಭಿಮಾನಿಗಳಿಗೆ ಕಸಿವಿಸಿ ಆಗದೆ ಇರಲಿಲ್ಲ. ಆದರೆ ರಾಹುಲ್ ಮೇಲೆ ಊರು ಮುನಿಯಲಿಲ್ಲ. ಸುರತ್ಕಲ್‌ನಲ್ಲಿ ಬಾಲ್ಯ ಕಳೆದು ಮಂಗಳೂರಿನ ನೆಹರೂ ಮೈದಾನದಲ್ಲಿ ಆಟ ಕಲಿತವರು ಅವರು. ಮಂಗಳೂರಿನಿಂದ ಕಾರ್ಕಳ, ಬಜಗೋಳಿಯವರೆಗೂ ಅಂದಿನ ಮಾತು ಒಂದೇ ಆಗಿತ್ತು: ಇವರನ್ನು ಬಿಟ್ಟುಕೊಟ್ಟದ್ದಾದರೂ ಏಕೆ?

ಎಲ್ಲ ಕಡೆಯೂ ಹೀಗೆ ನಡೆಯುವುದಿಲ್ಲ. 2010ರ ಜುಲೈ 8ರಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಲೆಬ್ರಾನ್ ಜೇಮ್ಸ್ ಟಿವಿ ಕ್ಯಾಮೆರಾದ ಮುಂದೆ ಕೂತು, ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಬಿಟ್ಟು ಮಯಾಮಿಗೆ ಹೋಗುತ್ತೇನೆ ಎಂದರು. ಅವರು ಹುಟ್ಟಿ ಬೆಳೆದ ಆಕ್ರನ್ ಪಟ್ಟಣ ಕ್ಲೀವ್‌ಲ್ಯಾಂಡಿನ ಪಕ್ಕದಲ್ಲೇ ಇದೆ. ಅಂದು ರಾತ್ರಿಯೇ ಬೀದಿಯಲ್ಲಿ ಅವರ ಹೆಸರಿನ ಅಂಗಿಗಳು ಬೆಂಕಿಗೆ ಬಿದ್ದವು. ತಂಡದ ಮಾಲೀಕ ಡಾನ್ ಗಿಲ್ಬರ್ಟ್ ಕೆಂಡ ಕಾರುವ ಬಹಿರಂಗ ಪತ್ರ ಬರೆದರು. ನಗರದ ನಡುವೆ ಹತ್ತು ಮಹಡಿ ಎತ್ತರಕ್ಕಿದ್ದ ಲೆಬ್ರಾನ್ ಚಿತ್ರವನ್ನು ಇಳಿಸಿದರು. ಡಿಸೆಂಬರ್ 2ರಂದು ಮಯಾಮಿ ತಂಡದ ಜೊತೆ ಅವರು ಮರಳಿ ಬಂದಾಗ ಕ್ರೀಡಾಂಗಣದ ತುಂಬ ಧಿಕ್ಕಾರದ ಕೂಗು. ಆ ಕೂಗಿನ ನಡುವೆಯೇ ಲೆಬ್ರಾನ್ 38 ಅಂಕ ಗಳಿಸಿದರು.

ಇಬ್ಬರೂ ಊರಿನ ಹುಡುಗರೇ, ಇಬ್ಬರೂ ಎದುರಾಳಿಯ ಅಂಗಿ ತೊಟ್ಟು ಬಂದು ಗೆದ್ದವರೇ. ಒಂದೂರಿಗೆ ಬಂದ ಸಿಟ್ಟು ಇನ್ನೊಂದೂರಿಗೆ ಏಕೆ ಬರಲಿಲ್ಲ? ಮನೋವಿಜ್ಞಾನದಲ್ಲಿ ಇದಕ್ಕೆ ಉತ್ತರದ ತುಣುಕುಗಳು ಸಾಕಷ್ಟಿವೆ.

ಮೊದಲು ಅಭಿಮಾನಿಯ ಒಳಗನ್ನು ನೋಡಬೇಕು. 1976ರಲ್ಲಿ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ವಾರಾಂತ್ಯದಲ್ಲಿ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದಿದ್ದರೆ ಸೋಮವಾರ ತರಗತಿಗೆ ಕಾಲೇಜಿನ ಹೆಸರಿರುವ ಅಂಗಿ ತೊಟ್ಟು ಬರುವವರು ಹೆಚ್ಚು, ಸೋತಿದ್ದರೆ ಕಡಿಮೆ. ಫೋನ್ ಮಾಡಿ ಕೇಳಿದಾಗ ಗೆಲುವಿನ ಬಗ್ಗೆ 'ನಾವು ಗೆದ್ದೆವು' ಎನ್ನುವ ವಿದ್ಯಾರ್ಥಿಗಳು ಸೋಲಿನ ಬಗ್ಗೆ 'ಅವರು ಸೋತರು' ಎಂದು ದೂರ ಸರಿಯುತ್ತಿದ್ದರು. 1992ರಲ್ಲಿ ಎಡ್ವರ್ಡ್ ಹರ್ಟ್ ತಂಡ ಇಂಡಿಯಾನಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳನ್ನು ಕೂರಿಸಿ ಪಂದ್ಯ ತೋರಿಸಿತು. ತಂಡ ಗೆದ್ದ ದಿನ ಅವರಿಗೆ ತಮ್ಮ ಮೇಲೆಯೇ ಭರವಸೆ ಏರುತ್ತಿತ್ತು. ಗುರಿ ಎಸೆತದಲ್ಲಿ, ಪದಗಳ ಒಗಟಿನಲ್ಲಿ, ಮೆಚ್ಚಿದ ಹುಡುಗ ಅಥವಾ ಹುಡುಗಿಯನ್ನು ಜೊತೆಗೆ ಬರಲು ಒಪ್ಪಿಸುವುದರಲ್ಲಿ ಕೂಡ ತಾವು ಚೆನ್ನಾಗಿ ಮಾಡುತ್ತೇವೆ ಎಂದು ಹೇಳುತ್ತಿದ್ದರು. ಸೋತ ದಿನ ಆ ಭರವಸೆ ಕುಗ್ಗುತ್ತಿತ್ತು.

ಮೈಯೂ ಇದರಲ್ಲಿ ಪಾಲುಗೊಳ್ಳುತ್ತದೆ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದು 1994ರ ಫುಟ್‌ಬಾಲ್ ವಿಶ್ವಕಪ್‌ನ ಬ್ರೆಜಿಲ್–ಇಟಲಿ ಫೈನಲ್ ನೋಡಿದ ಗಂಡಸರ ಎಂಜಲಿನ ಮಾದರಿಗಳನ್ನು ಪರೀಕ್ಷಿಸಿತ್ತು. ಗೆದ್ದ ಕಡೆಯವರಲ್ಲಿ ಟೆಸ್ಟೊಸ್ಟಿರಾನ್ ಏರಿತ್ತು, ಸೋತ ಕಡೆಯವರಲ್ಲಿ ಇಳಿದಿತ್ತು. ಟಿವಿಯ ಮುಂದೆ ಕೂತವರ ರಕ್ತವೂ ಆಡುತ್ತದೆ ಎಂದಾಯಿತು. 2011ರಲ್ಲಿ ಮೀನಾ ಚಿಕಾರಾ ಮತ್ತು ಸಂಗಡಿಗರು ಅಮೆರಿಕದ ಎರಡು ಬದ್ಧ ಎದುರಾಳಿ ಬೇಸ್‌ಬಾಲ್ ತಂಡಗಳ ಅಭಿಮಾನಿಗಳ ಮಿದುಳನ್ನು ಸ್ಕ್ಯಾನ್ ಮಾಡಿದರು. ಎದುರಾಳಿ ಎಡವಿದಾಗ ಇವರ ಮಿದುಳಿನಲ್ಲಿ ಸುಖ ಮತ್ತು ಬಹುಮಾನಕ್ಕೆ ಮಿಡಿಯುವ ಭಾಗ ಚುರುಕಾಗುತ್ತಿತ್ತು. ಅಲ್ಲಿ ಮಿಡಿತ ಹೆಚ್ಚಿದ್ದವರೇ ಎದುರಾಳಿ ಅಭಿಮಾನಿಗಳನ್ನು ಬೈಯುವ, ಹೊಡೆಯುವ ಮನಸ್ಸಾಗುತ್ತದೆ ಎಂದು ಹೆಚ್ಚಾಗಿ ಒಪ್ಪಿಕೊಂಡರು. ಈ ಕೊನೆಯ ಸಂಗತಿ ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚುತ್ತದೆ. ಆಟದ ಖುಷಿಯೂ ಗಲಾಟೆಯ ಬೀಜವೂ ಅಷ್ಟು ಹತ್ತಿರ ಹತ್ತಿರ ಇವೆ.

ಹೀಗೆ ತಂಡ ಅಭಿಮಾನಿಯ 'ನಾನು' ಎಂಬುದರ ಭಾಗವಾಗಿಬಿಟ್ಟ ಮೇಲೆ, ಅದರ ತಾರೆ ಹೊರಟಾಗ ಹೋಗುವುದು ಒಬ್ಬ ಆಟಗಾರ ಮಾತ್ರವಲ್ಲ. 'ನಿಮಗಿಂತ ಅವರು ಮೇಲು' ಎಂಬ ತೀರ್ಪನ್ನು ಅವನು ಊರಿನ ಮುಖಕ್ಕೆ ಹೇಳಿದಂತೆ ಕೇಳಿಸುತ್ತದೆ. ಕಾರ್ಖಾನೆಗಳು ಮುಚ್ಚಿ ಸೊರಗಿದ್ದ ಕ್ಲೀವ್‌ಲ್ಯಾಂಡಿಗೆ 1964ರ ನಂತರ ಯಾವ ದೊಡ್ಡ ಆಟದಲ್ಲೂ ಪ್ರಶಸ್ತಿ ಬಂದಿರಲಿಲ್ಲ. ಅಂಥ ನಗರಕ್ಕೆ ಆ ತೀರ್ಪು ಎಷ್ಟು ಚುಚ್ಚಿರಬೇಡ! ಮೇಲಾಗಿ, ಹೊರಗಿನವನ ತಪ್ಪಿಗಿಂತ ಒಳಗಿನವನ ಅದೇ ತಪ್ಪು ಹೆಚ್ಚು ಕೆರಳಿಸುತ್ತದೆ. 1988ರಲ್ಲಿ ಜೋಸೆ ಮಾರ್ಕೆಸ್ ಮತ್ತು ಸಂಗಡಿಗರು ಬೆಲ್ಜಿಯಂನಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ಸರಿಯಾಗಿ ನಡೆದುಕೊಳ್ಳದ ತಮ್ಮವನಿಗೆ ಜನ ಕೊಟ್ಟ ಅಂಕ, ಹಾಗೆಯೇ ನಡೆದುಕೊಂಡ ಪರಕೀಯನಿಗೆ ಕೊಟ್ಟದ್ದಕ್ಕಿಂತ ಕಡಿಮೆಯಿತ್ತು.

ಆದರೆ ರಾಹುಲ್ ಕೂಡ ಒಳಗಿನವರೇ ತಾನೆ? ಇಲ್ಲಿ ಬರ್ನಾರ್ಡ್ ವೈನರ್ ಎಂಬ ಮನೋವಿಜ್ಞಾನಿಯ ಮಾತು ನೆರವಿಗೆ ಬರುತ್ತದೆ. ಯಾರದೇ ನಡೆಗೆ ನಾವು ಸಿಟ್ಟಾಗುವುದೋ ಮರುಗುವುದೋ ಎಂಬುದು, ಅದು ಅವರ ಕೈಯಲ್ಲಿತ್ತೇ ಎಂಬ ಪ್ರಶ್ನೆಗೆ ನಾವು ಮನಸ್ಸಿನಲ್ಲೇ ಕೊಟ್ಟುಕೊಳ್ಳುವ ಉತ್ತರದ ಮೇಲೆ ನಿಂತಿದೆ. ಕೈಯಲ್ಲಿತ್ತು ಎನಿಸಿದರೆ ಸಿಟ್ಟು, ಇರಲಿಲ್ಲ ಎನಿಸಿದರೆ ಮರುಕ. ಲೆಬ್ರಾನ್ ಅವರೇ ಆರಿಸಿಕೊಂಡು ಹೋದರು, ಅದೂ ದೇಶವೆಲ್ಲ ನೋಡುವಂತೆ. ಐಪಿಎಲ್‌ನಲ್ಲಿ ಹರಾಜಿಗೆ ಬಂದ ಆಟಗಾರನನ್ನು ಕೂಗಿ ಕೊಳ್ಳುವವರು ಮಾಲೀಕರು. ರಾಹುಲ್ 2013ರಲ್ಲಿ ಆರ್‌ಸಿಬಿಯಲ್ಲಿ ಐಪಿಎಲ್ ಶುರುಮಾಡಿ, ಹೈದರಾಬಾದಿಗೆ ಹೋಗಿ, 2016ರಲ್ಲಿ ಮರಳಿ ಬಂದು 397 ರನ್ ಗಳಿಸಿದರು. 2018ರ ಹರಾಜಿನಲ್ಲಿ ಪಂಜಾಬ್ ಅವರನ್ನು 11 ಕೋಟಿಗೆ ಕೊಂಡಿತು. 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ದುಲೀಪ್ ಟ್ರೋಫಿ ನಡೆದಾಗ 'ಆರ್‌ಸಿಬಿ ಕ್ಯಾಪ್ಟನ್ ಕೆ.ಎಲ್. ರಾಹುಲ್' ಎಂದು ಪ್ರೇಕ್ಷಕರು ಕೂಗಿದ್ದರು. ಎರಡು ತಿಂಗಳ ಬಳಿಕ ಹರಾಜಿನಲ್ಲಿ 14 ಕೋಟಿಗೆ ಅವರು ಡೆಲ್ಲಿಯ ಪಾಲಾದರು. ಅಭಿಮಾನಿಗಳ ಸಿಟ್ಟು ಹೊರಟದ್ದು ಹರಾಜಿನ ಮೇಜಿನತ್ತ, ಆಟಗಾರನತ್ತ ಅಲ್ಲ.

ಕರುಣ್ ನಾಯರ್ ಅವರದು ಇನ್ನೂ ಸ್ಪಷ್ಟ ಉದಾಹರಣೆ. 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದವರಿಗೆ 2022ರ ಹೊತ್ತಿಗೆ ಕರ್ನಾಟಕ ತಂಡದಲ್ಲೂ ಸ್ಥಾನ ಉಳಿಯಲಿಲ್ಲ. ಆ ಡಿಸೆಂಬರಿನಲ್ಲಿ, ಕ್ರಿಕೆಟ್ಟೇ, ಇನ್ನೊಂದು ಅವಕಾಶ ಕೊಡು ಎಂದು ಅವರು ಟ್ವಿಟರ್‌ನಲ್ಲಿ ಬೇಡಿಕೊಂಡದ್ದು ದೇಶದ ಮನ ಕಲಕಿತು. ಮುಂದಿನ ವರ್ಷ ವಿದರ್ಭ ಸೇರಿದರು. 2024–25ರ ವಿಜಯ್ ಹಜಾರೆ ಟೂರ್ನಿಯಲ್ಲಿ ಐದು ಶತಕಗಳೊಂದಿಗೆ 779 ರನ್ ಗಳಿಸಿ ತಂಡವನ್ನು ಫೈನಲಿಗೆ ಒಯ್ದರು. ಅಲ್ಲಿ ಎದುರಾಳಿ ಕರ್ನಾಟಕವೇ! ಕಪ್ ಕರ್ನಾಟಕಕ್ಕೆ ಬಂತು, ಆದರೂ ಕರುಣ್ ನಾಯರ್ ಅವರನ್ನು ದ್ರೋಹಿ ಎಂದವರನ್ನು ನಾನು ಕಾಣೆ. ಕೆಲವೇ ವಾರಗಳಲ್ಲಿ ರಣಜಿ ಫೈನಲ್‌ನಲ್ಲಿ ಕೇರಳದ ವಿರುದ್ಧ 86 ಮತ್ತು 135 ಹೊಡೆದು ವಿದರ್ಭಕ್ಕೆ ಪ್ರಶಸ್ತಿ ತಂದರು. ಮರುಋತುವಿಗೆ ಕರ್ನಾಟಕ ಅವರನ್ನು ಮರಳಿ ಕರೆಸಿಕೊಂಡಿತು.

ಹೋಗುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಲೆಬ್ರಾನ್ 2014ರಲ್ಲಿ ಕ್ಲೀವ್‌ಲ್ಯಾಂಡಿಗೆ ಮರಳಿದರು, 2016ರಲ್ಲಿ ಆ ನಗರದ 52 ವರ್ಷಗಳ ಬರ ನೀಗಿಸಿದರು. 2018ರಲ್ಲಿ ಮತ್ತೆ ಹೊರಟು ಲೇಕರ್ಸ್ ತಂಡ ಸೇರಿದರು, ಈ ಬಾರಿ ಒಂದು ಚುಟುಕು ಪ್ರಕಟಣೆ ಸಾಕಾಯಿತು. ಅದೇ ತಿಂಗಳು ಆಕ್ರನ್‌ನಲ್ಲಿ ಅವರ ಪ್ರತಿಷ್ಠಾನದ ನೆರವಿನ ಶಾಲೆ 240 ಮಕ್ಕಳೊಂದಿಗೆ ಬಾಗಿಲು ತೆರೆಯಿತು. ನವೆಂಬರಿನಲ್ಲಿ ಲೇಕರ್ಸ್ ಅಂಗಿ ತೊಟ್ಟು ಬಂದವರಿಗೆ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಋಣ ತೀರಿತ್ತು ಎನ್ನುವವರಿದ್ದಾರೆ, ಅದು ನಿಜವೂ ಹೌದು. ನನಗೆ ಮುಖ್ಯವಾಗಿ ಕಾಣುವುದು ಬೇರೆ: 2010ರಲ್ಲಿ ಊರಿಗೂ ಅವರಿಗೂ ಇದ್ದದ್ದು ಹೆಚ್ಚುಕಡಿಮೆ ಒಂದೇ ಎಳೆ, ತಂಡದ ಅಂಗಿ. ಅದು ಕಡಿದಾಗ ಎಲ್ಲವೂ ಕಡಿದಂತಾಯಿತು. 2018ರಲ್ಲಿ ಎಳೆಗಳು ಹಲವಿದ್ದವು.

ಈ 'ಹಲವು ಎಳೆ'ಗಳ ಮಾತಿಗೆ ಬಜಗೋಳಿಗಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಕಾರ್ಕಳದಿಂದ ಮಾಳ ಘಾಟಿಯತ್ತ ಹೋಗುವ ಹೆದ್ದಾರಿಯ ಈ ಪುಟ್ಟ ಪೇಟೆಯ ಹೆಸರು ಕಂಬಳ, ಅಂದರೆ ಕೆಸರುಗದ್ದೆಯ ಕೋಣಗಳ ಓಟ, ನೋಡುವವರಿಗೆಲ್ಲ ಗೊತ್ತು. 2020ರ ಫೆಬ್ರವರಿ 1ರಂದು ಐಕಳದಲ್ಲಿ ಮಿಜಾರು ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಓಟದ ಹಾದಿಯನ್ನು) 13.62 ಸೆಕೆಂಡಿನಲ್ಲಿ ಮುಗಿಸಿ ದೇಶದ ಕಣ್ಣಿಗೆ ಬಿದ್ದರು. ನೂರು ಮೀಟರಿಗೆ ಇಳಿಸಿ ನೋಡಿದರೆ ಸುಮಾರು 9.56 ಸೆಕೆಂಡು. ತಿಂಗಳು ಮುಗಿಯುವ ಮೊದಲೇ ವೇಣೂರಿನಲ್ಲಿ ಅದನ್ನು 9.51ಕ್ಕೆ ತಂದವರು ಬಜಗೋಳಿ ಜೋಗಿಬೆಟ್ಟು ನಿಶಾಂತ್ ಶೆಟ್ಟಿ. ಕೆಸರಿನಲ್ಲಿ ಕೋಣಗಳ ವೇಗವೂ ಕೂಡಿದ ಓಟವಾದ್ದರಿಂದ ಇದನ್ನು ಉಸೇನ್ ಬೋಲ್ಟ್ ಜೊತೆ ಹೋಲಿಸುವುದು ತಪ್ಪು, ಆದರೆ ಸಾಧನೆ ಸಣ್ಣದಲ್ಲ.

ಕಂಬಳದಲ್ಲಿ ಓಡಿಸುವವರು ಒಬ್ಬ ಯಜಮಾನರಿಗೆ ಕಟ್ಟುಬಿದ್ದವರಲ್ಲ. ನೇಗಿಲು ವಿಭಾಗದಲ್ಲಿ ಒಂದು ಮನೆಯ ಕೋಣ, ಹಗ್ಗದಲ್ಲಿ ಇನ್ನೊಂದು ಮನೆಯದು, ಮುಂದಿನ ಋತುವಿಗೆ ಮತ್ತೊಂದು. ಫಲಿತಾಂಶ ಕೂಗುವಾಗ ಮೊದಲು ಬರುವುದು ಕೋಣದ ಮನೆ ಮತ್ತು ಯಜಮಾನರ ಹೆಸರು, ಆಮೇಲೆ 'ಓಡಿಸಿದವರು' ಎಂದು ಓಟಗಾರರ ಹೆಸರು, ಅದರ ಮುಂದೆ ಅವರ ಊರು. ಕೋಣಗಳಿಗೂ ಹೆಸರಿದೆ, ಅವುಗಳಿಗೇ ಬೇರೆ ಅಭಿಮಾನಿಗಳಿದ್ದಾರೆ. ಹೀಗಾಗಿ ಮಿಯ್ಯಾರಿನ ಲವ-ಕುಶ ಜೋಡುಕರೆಯಲ್ಲಿ ನಿಂತ ಬಜಗೋಳಿಯವನಿಗೆ ಕೂಗಲು ಮೂರು ಕಾರಣಗಳಿರುತ್ತವೆ: ಪರಿಚಯದ ಮನೆಯ ಕೋಣ, ಮೆಚ್ಚಿನ ಜೋಡಿ, ತನ್ನ ಊರಿನ ಜವನೆ (ಯುವಕ). ಮೂರೂ ಒಂದೇ ಕರೆಯಲ್ಲಿ ಸಿಗುವುದು ಅಪರೂಪ, ಎರಡು ಎದುರುಬದುರಾಗುವುದು ಸಾಮಾನ್ಯ. ಸ್ಪರ್ಧೆಯ ಕಾವು ಇದರಿಂದ ಕಡಿಮೆಯಾಗುವುದಿಲ್ಲ, ಜಗಳಗಳೂ ಇಲ್ಲದಿಲ್ಲ. ಆದರೆ ಓಡಿಸುವವರು ಮನೆ ಬದಲಿಸಿದರು ಎಂಬುದಕ್ಕೇ ಊರು ಅವರನ್ನು ಹೊರಹಾಕುವುದಿಲ್ಲ. ಅವರ ಊರಿನ ಹೆಸರು ಅವರ ಜೊತೆಗೇ ಓಡುತ್ತದೆ.

ಯಕ್ಷಗಾನದಲ್ಲೂ ಇದೇ ಕ್ರಮ. ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ, ಯಾವ ಕಲಾವಿದರು ಮುಂದಿನ ತಿರುಗಾಟಕ್ಕೆ ಯಾವ ಮೇಳ ಎಂಬ ಚರ್ಚೆ. ಬೇಸರವಾದವರು ಬೇಸರಪಟ್ಟುಕೊಂಡೇ ಹೊಸ ಮೇಳದ ಆಟಕ್ಕೆ ಹೋಗುತ್ತಾರೆ. ಊರು ಬಿಟ್ಟು ಹೋಗುವುದೂ ಇಲ್ಲಿ ಹೊಸದಲ್ಲ: ಹೊಟ್ಟೆಪಾಡಿಗೆ ಮುಂಬೈಗೋ ಕೊಲ್ಲಿಗೋ ಮನೆಗೊಬ್ಬರನ್ನು ಕಳಿಸಿದ ಸೀಮೆ ಇದು. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ದಕ್ಷಿಣ ಮಧ್ಯ ರೈಲ್ವೆಯ ಉದ್ಯೋಗಿಯಾಗಿ ಕಬಡ್ಡಿ ಆಡಿದರು. ದೇಶಕ್ಕೆ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದರು, 2014ರಲ್ಲಿ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಊರಿಗೆ ಅದು ಹೆಮ್ಮೆಯ ಸಂಗತಿಯೇ ಆಯಿತು.

ವಿಜ್ಞಾನ ಇದನ್ನು ಬೇರೆ ಮಾತಿನಲ್ಲಿ ಹೇಳುತ್ತದೆ. 2002ರಲ್ಲಿ ಸೋನಿಯಾ ರೊಕ್ಕಾಸ್ ಮತ್ತು ಮೆರಿಲಿನ್ ಬ್ರೂವರ್ ಮಂಡಿಸಿದ ಸಿದ್ಧಾಂತದ ಪ್ರಕಾರ, ಒಬ್ಬನ ಗುರುತುಗಳೆಲ್ಲ ಒಂದರ ಮೇಲೊಂದು ಕೂತು ಒಂದೇ ಗುಂಪಾಗಿದ್ದರೆ ಅವನು ಹೊರಗಿನವರ ಬಗ್ಗೆ ಬಿಗಿಯಾಗುತ್ತಾನೆ. ಗುರುತುಗಳು ಒಂದನ್ನೊಂದು ಅಡ್ಡಹಾಯುತ್ತಿದ್ದರೆ ಸಹನೆ ಹೆಚ್ಚುತ್ತದೆ. 2005ರಲ್ಲಿ ಮಾರ್ಕ್ ಲೆವಿನ್ ತಂಡ ಇಂಗ್ಲೆಂಡಿನಲ್ಲಿ ನಡೆಸಿದ ಪ್ರಯೋಗ ಇನ್ನೂ ಸೊಗಸು. ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳಿಂದ ಮೊದಲು ತಂಡದ ಬಗ್ಗೆ ಬರೆಸಿ, ಆಮೇಲೆ ಅವರು ನಡೆಯುವ ದಾರಿಯಲ್ಲಿ ಒಬ್ಬ ಓಟಗಾರ ಜಾರಿ ಬೀಳುವಂತೆ ಮಾಡಿದರು. ಅವನು ಬದ್ಧ ಎದುರಾಳಿ ಲಿವರ್‌ಪೂಲ್ ಅಂಗಿ ತೊಟ್ಟಿದ್ದಾಗ ಹತ್ತರಲ್ಲಿ ಮೂವರು ಮಾತ್ರ ನೆರವಿಗೆ ನಿಂತರು. ಇನ್ನೊಂದು ಗುಂಪಿನಿಂದ ತಂಡದ ಬದಲು ಫುಟ್‌ಬಾಲ್ ಪ್ರೀತಿಯ ಬಗ್ಗೆ ಬರೆಸಿದರು. ಈಗ ಅದೇ ಲಿವರ್‌ಪೂಲ್ ಅಂಗಿಯವನಿಗೆ ಹತ್ತರಲ್ಲಿ ಏಳು ಮಂದಿ ಕೈ ಕೊಟ್ಟರು. ಬದಲಾದದ್ದು, ಸ್ವಲ್ಪ ಹೊತ್ತಿಗೆ ಮುಂಚೆ ಯಾವ 'ನಾವು' ಮನಸ್ಸಿಗೆ ಬಂದಿತ್ತು ಎಂಬುದಷ್ಟೇ.

ಇದರಿಂದ ಮಾಡಬಹುದಾದ ಕೆಲಸವೊಂದಿದೆ, ಅದನ್ನು ನಮ್ಮ ಕಡೆಯ ವಾಲಿಬಾಲ್, ಕಬಡ್ಡಿ, ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟಗಳ ಸಂಘಟಕರ ಮುಂದೆ ಇಡುತ್ತೇನೆ. ಊರಿನ ಹುಡುಗ ಪಕ್ಕದೂರಿನ ತಂಡಕ್ಕೆ ಆಡಿದನೆಂದು ಮಾತು ಬಿಟ್ಟ ಗೆಳೆತನಗಳು ಹಲವು. ಕಂಬಳದ ಮೈಕಿನಲ್ಲಿ ಕೂಗುವ ಹಾಗೆಯೇ ಇಲ್ಲಿಯೂ ತಂಡದ ಹೆಸರಿನ ಜೊತೆ ಪ್ರತಿ ಆಟಗಾರನ ಊರನ್ನೂ ಕೂಗಲಿ. ಅಂಗಣಕ್ಕೆ ಇಳಿಯುವಾಗ ಒಮ್ಮೆ, ಅಂಕ ಗಳಿಸಿದಾಗ ಇನ್ನೊಮ್ಮೆ. ಬಹುಮಾನದ ಹಾಳೆಯಲ್ಲೂ ಊರಿನ ಹೆಸರು ಬರೆದು ಕೊಡಲಿ.