ಲೊಟ್ಟೆ ಹಂಚು

ಮಕ್ಕಳೇ, ಮಂಗಳೂರು ಹಂಚಿನ ಮನೆ ನೋಡಿದ್ದೀರಲ್ಲ? ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ಮಳೆಗಾಲದ ರಾತ್ರಿ ಅದರ ಮೇಲೆ ನೀರು ಬೀಳುವ ಸದ್ದನ್ನು ಅವರು ಮರೆತಿರಲಾರರು.

ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದ ಮೇಲೆ ಮನೆ, ಕಸುಬು ಕಳೆದುಕೊಂಡ ಜನರಿಗೆ ಹೊಟ್ಟೆಪಾಡು ಬೇಕಿತ್ತು. ಮೊದಲು ನೇಯ್ಗೆ ಶುರುವಾಯಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅದನ್ನು ನೋಡಿ ಬೇರೆಯವರೂ ಹೊಳೆಬದಿಯಲ್ಲಿ ಕಾರ್ಖಾನೆ ಹಾಕಿದರು. ಅಂಥ ಒಂದರಲ್ಲಿ ನನ್ನಜ್ಜ ಹಂಚು ಬಡಿದು ನೋಡುವ ಕೆಲಸದಲ್ಲಿದ್ದರು.

ಸುಟ್ಟ ಹಂಚನ್ನು ಬೆರಳ ಗೆಣ್ಣಿನಿಂದ ಬಡಿಯಬೇಕು. ಗಟ್ಟಿ ಹಂಚು 'ಟಣ್' ಅನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ 'ಲೊಟ್' ಅನ್ನುತ್ತದೆ. ನಮ್ಮ ಕಡೆ ಸುಳ್ಳಿಗೂ 'ಲೊಟ್ಟೆ' ಎಂದೇ ಹೆಸರು!

ಒಂದು ವರ್ಷ ಮಳೆಗೆ ಮೊದಲು ಹಂಚಿಗೆ ಬೇಡಿಕೆ ಹೆಚ್ಚಿತು. "ಲೊಟ್ಟೆ ಹಂಚನ್ನೂ ನಡುವೆ ಸೇರಿಸಿಬಿಡು, ಯಾರಿಗೆ ಗೊತ್ತಾಗ್ತದೆ?" ಎಂದು ಮೇಲಿನವರೊಬ್ಬರು ಹೇಳಿದರಂತೆ. ಅಜ್ಜ ಹೇಳಿದ್ದು ಇಷ್ಟೇ: "ಆ ಹಂಚಿನ ಕೆಳಗೆ ಯಾರದೋ ಮಗು ಮಲಗ್ತದೆ ಸ್ವಾಮಿ."

ಮರುವಾರವೇ ಅವರನ್ನು ಮಣ್ಣು ಹೊರುವ ಕೆಲಸಕ್ಕೆ ಹಾಕಿದರು. ಸಂಬಳವೂ ಇಳಿಯಿತು. "ನಿಮ್ಮ ನಂಬಿಗಸ್ತಿಕೆಯಿಂದ ಗಂಜಿ ಬೇಯ್ತದಾ?" ಎಂದು ಅಜ್ಜಿ ರೇಗಿದರು. ಅಜ್ಜ ಉತ್ತರಿಸಲಿಲ್ಲ. ಆದರೂ ಆದಿತ್ಯವಾರ ಬೆಳಿಗ್ಗೆ ಅಜ್ಜಿ ಎಂದಿನಂತೆ ಕಾಣಿಕೆಯ ಕಾಸನ್ನು ಸೆರಗಿಗೆ ಗಂಟು ಹಾಕಿಕೊಂಡು ಚರ್ಚಿಗೆ ಹೊರಟರು. ಅಜ್ಜ ಹಿಂದೆ ನಡೆದರು.

ಇದನ್ನು ನನಗೆ ಹೇಳಿದ್ದು ಅಜ್ಜಿಯೇ. ನಾನಾಗ ಏಳನೆಯ ತರಗತಿ. ಗಣಿತದಲ್ಲಿ ನನಗೆ 86, ತರಗತಿಗೇ ಮೊದಲು. ಬಹುಮಾನ ಒಂದು ಫೌಂಟನ್ ಪೆನ್ನು. ಮನೆಗೆ ಬರುತ್ತಾ ದಾರಿಯಲ್ಲಿ ಉತ್ತರಪತ್ರಿಕೆಯ ಅಂಕ ಕೂಡಿಸಿ ನೋಡಿದೆ. 76 ಬಂತು! ಮತ್ತೆ ಕೂಡಿಸಿದೆ. 76. ಪಕ್ಕದ ಬೆಂಚಿನ ಹುಡುಗನಿಗೆ 82 ಬಂದಿತ್ತು.

ರಾತ್ರಿ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದರೂ ಪೆನ್ನೇ ಕಾಣುತ್ತಿತ್ತು. ಕೊನೆಗೆ ಅಜ್ಜನಿಗೆ ಪತ್ರಿಕೆ ತೋರಿಸಿದೆ. ಅವರು ಬೈಯಲಿಲ್ಲ, ಸತ್ಯವೇದ ತೆರೆದು ಬುದ್ಧಿ ಹೇಳಲೂ ಇಲ್ಲ. "ಜೋರಾಗಿ ಕೂಡಿಸು, ಕೇಳುವಾ" ಅಂದರು. ಕೂಡಿಸಿದೆ. "ಶಬ್ದ ಹೇಗೆ ಬಂತು?"

"ಲೊಟ್ ಅಂತ, ಅಜ್ಜ."

"ಹಾಂ. ಇನ್ನು ಮಲಗು."

ಮರುದಿನ ಮೇಷ್ಟ್ರಿಗೆ ತೋರಿಸಿದೆ. ಅವರು ಹೊಗಳಬಹುದು ಎಂಬ ಆಸೆ ಒಳಗೊಳಗೇ ಇತ್ತು. ಅವರು ಕೆಂಪು ಶಾಯಿಯಲ್ಲಿ ತಿದ್ದಿ, "ಸರಿ, ಕೂತ್ಕೊ" ಅಂದರು. ಪೆನ್ನು ಆ ಹುಡುಗನ ಕಿಸೆ ಸೇರಿತು. ಸಂಜೆ ಅಳುತ್ತಾ ಮನೆಗೆ ಬಂದೆ. ಅಜ್ಜ ಬಿಸಿ ಚಾ ಬಸಿಯಲ್ಲಿ ಆರಿಸಿ ನನ್ನೆದುರು ಇಟ್ಟರು. ಮಣ್ಣು ಹೊತ್ತ ಅವರ ಹೆಗಲು ಕೊನೆಯವರೆಗೂ ನೋಯುತ್ತಿತ್ತು. ಸರಿಯಾದದ್ದನ್ನು ಮಾಡಿದವರಿಗೆ ಎಲ್ಲ ಸಲ ಬಹುಮಾನ ಬರುವುದಿಲ್ಲವೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಸ್ವಲ್ಪದರಲ್ಲಿ ನಂಬಿಗಸ್ತನಾಗಿರುವವನು ಬಹಳದರಲ್ಲಿಯೂ ಹಾಗೆಯೇ ಇರುತ್ತಾನೆಂಬುದು ಯೇಸುಸ್ವಾಮಿಯ ಬೋಧನೆ. ಅದನ್ನು ಚರ್ಚಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅರ್ಥವಾದದ್ದು ಮಾತ್ರ ಆ ಚಾ ಕುಡಿಯುವಾಗ. ದೊಡ್ಡವನಾದ ಮೇಲೆ ನಾನು ಯಾವಾಗಲೂ 'ಟಣ್' ಎಂದೆನೇ? ಇಲ್ಲ. ಕಚೇರಿಯಲ್ಲಿ ಒಮ್ಮೆ ಓದದ ಕಾಗದಕ್ಕೆ ಓದಿದ್ದೇನೆಂದು ಸಹಿ ಹಾಕಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋಗಿ ಒಪ್ಪಿಕೊಂಡು, ಕಾಗದ ವಾಪಸು ತೆಗೆದುಕೊಂಡು ಓದಿದೆ.

ಹಳೆಯ ಮನೆ ಕೆಡವಿದಾಗ ಒಂದು ಹಂಚನ್ನು ಉಳಿಸಿಕೊಂಡೆ. ಅದೀಗ ನನ್ನ ಮೇಜಿನ ಮೇಲಿದೆ. ಮೊಮ್ಮಗಳು ಶಾಲೆಯಿಂದ ಬಂದವಳೇ ಅದನ್ನು ಬಡಿದು, "ಅಜ್ಜ, ಇವತ್ತು ನಿಮ್ಮದು ಟಣ್ಣಾ, ಲೊಟ್ಟಾ?" ಎಂದು ಕೇಳುತ್ತಾಳೆ. ಉತ್ತರ ಹೇಳುವ ಮೊದಲು ಒಂದು ಗಳಿಗೆ ಯೋಚಿಸುತ್ತೇನೆ. ಆಮೇಲೆ ಅವಳನ್ನೂ ಕೇಳುತ್ತೇನೆ.