ಕಾವಲು ಕಾದ ಜೀವಕ್ಕೆ ವಯಸ್ಸಾದಾಗ

ನಾಯಿಯ ಬಗ್ಗೆ ಬರೆಯುತ್ತಿದ್ದೇನೆಂದು ಹೇಳಿದಾಗ ನಮ್ಮ ಶಾಲೆಯ ಶಿಕ್ಷಕಿಯೊಬ್ಬರು ನಕ್ಕುಬಿಟ್ಟರು. "ನಮ್ಮವರ ಮನೆಯಲ್ಲಿ ನಾಯಿ ಎಲ್ಲಿರುತ್ತದೆ ಟೀಚರ್?" ಎಂದರು. ಅವರು ಪೇಟೆಯಲ್ಲಿ ಹುಟ್ಟಿ ಬೆಳೆದವರು. ಘಟ್ಟದ ಬುಡದ ಒಂಟಿ ತೋಟದ ಮನೆಯಲ್ಲಿ ಒಂದು ರಾತ್ರಿ ಕಳೆದಿದ್ದರೆ ಹಾಗೆ ಕೇಳುತ್ತಿರಲಿಲ್ಲ. ಬೆಳ್ತಂಗಡಿ, ಸುಳ್ಯ ಕಡೆಯ ತೋಟಗಳಿಗೆ ಕಾಡುಹಂದಿಗಳ ಹಿಂಡು ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಮರಗೆಣಸಿನ ಸಾಲು ಮಗುಚಿ ಬಿದ್ದಿರುತ್ತದೆ. ಅಂಗಳದ ಮೂಲೆಯಲ್ಲಿ ಬೊಗಳುವ ಒಂದು ಜೀವ ಇಲ್ಲದೆ ಅಲ್ಲಿ ಕಣ್ಣು ಮುಚ್ಚುವುದು ಕಷ್ಟ.

ಧರ್ಮವೂ ಇದನ್ನು ತಡೆದಿಲ್ಲ. ಬೇಟೆಗೆ, ಜಾನುವಾರಿನ ಮತ್ತು ಬೆಳೆಯ ಕಾವಲಿಗೆ ನಾಯಿ ಸಾಕುವುದಕ್ಕೆ ಹದೀಸ್‌ಗಳಲ್ಲಿ ಅನುಮತಿಯಿದೆ. ಇಂಥ ಅಗತ್ಯವಿಲ್ಲದೆ ಸಾಕುವವರ ಪುಣ್ಯದಲ್ಲಿ ದಿನವೂ ಕಡಿತವಾಗುತ್ತದೆಂಬ ಎಚ್ಚರಿಕೆಯೂ ಅಲ್ಲೇ ಇದೆ. ಗುಹಾವಾಸಿಗಳ ನಾಯಿ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ್ದ ಚಿತ್ರವನ್ನು ಸೂರಃ ಅಲ್ ಕಹ್ಫ್ ಓದುವ ಪ್ರತಿ ಶುಕ್ರವಾರ ನಾವು ಕಾಣುತ್ತೇವೆ. ಆ ನಾಯಿಯ ಜಾಗ ಹೊಸ್ತಿಲು. ನಮ್ಮ ಬೊಳ್ಳುವಿನ ಜಾಗ ಹಟ್ಟಿಯ ಪಕ್ಕದ ಗೂಡು.

2010ರ ಮಳೆಗಾಲದಲ್ಲಿ ಬಾಪ ಅದನ್ನು ಪಕ್ಕದ ತೋಟದವರಿಂದ ತಂದಿದ್ದರು. ಊರ ನಾಯಿಯೇ, ಜಾತಿ ನಾಯಿಯಲ್ಲ. ಬಿಳಿ ಬಣ್ಣವಾದ್ದರಿಂದ ಕೆಲಸದವರು ತುಳುವಿನಲ್ಲಿ ಬೊಳ್ಳು ಎಂದರು, ಅದೇ ಉಳಿಯಿತು. ಹದಿಮೂರು ವರ್ಷ ಅದು ಜಗಲಿ ಹತ್ತಲಿಲ್ಲ, ಯಾರೂ ಹತ್ತಿಸಲೂ ಇಲ್ಲ. ನಮ್ಮದು ಶಾಫಿಈ ಮದ್‌ಹಬ್. ನಾಯಿಯ ಜೊಲ್ಲು ತಗುಲಿದರೆ ಏಳು ಬಾರಿ ತೊಳೆಯಬೇಕು, ಅದರಲ್ಲಿ ಒಮ್ಮೆ ಮಣ್ಣು ಬೆರೆಸಿ. ಉಮ್ಮ ಅದಕ್ಕೊಂದು ಹಳೆಯ ಅಲ್ಯೂಮಿನಿಯಂ ತಟ್ಟೆ ಇಟ್ಟು ಅಡುಗೆಮನೆಯ ಹಿಂಬಾಗಿಲಿನಿಂದ ಗಂಜಿ, ಮೀನಿನ ತಲೆ ಹಾಕುತ್ತಿದ್ದರು. ಕೆಲವರು ನಜಸ್ ಎಂಬ ಮಾತನ್ನು ದ್ವೇಷವೆಂದು ತಿಳಿದು ನಾಯಿಗೆ ಕಲ್ಲು ಹೊಡೆಯುತ್ತಾರೆ. ನಜಸ್ ಎಂಬುದು ತೊಳೆಯುವ ನಿಯಮ, ಹೊಡೆಯುವ ನಿಯಮವಲ್ಲ. ಬಾಯಾರಿದ ನಾಯಿಗೆ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದುಕೊಟ್ಟವನಿಗೆ ಪಾಪಮುಕ್ತಿ ಸಿಕ್ಕಿದ ಘಟನೆಯನ್ನು ಪ್ರವಾದಿ(ಸ)ರೇ ಹೇಳಿದ್ದಾರೆ. ಮದ್ರಸದ ಮಕ್ಕಳಿಗೆ ಈ ಪಾಠ ಮಾಡುವಾಗಲೆಲ್ಲ ನನಗೆ ಉಮ್ಮನ ಅಲ್ಯೂಮಿನಿಯಂ ತಟ್ಟೆ ನೆನಪಾಗುತ್ತದೆ.

ಹನ್ನೊಂದನೆಯ ವರ್ಷದಲ್ಲಿ ಬೊಳ್ಳು ನಿಧಾನವಾಯಿತು. ನಾಯಿಯ ಒಂದು ವರ್ಷ ಮನುಷ್ಯನ ಏಳು ವರ್ಷಕ್ಕೆ ಸಮ ಎನ್ನುವುದು ಬಾಯಿಮಾತಿನ ಲೆಕ್ಕ, ಅಷ್ಟು ಸರಳವಲ್ಲ. ಮೊದಲ ಎರಡು ವರ್ಷಗಳಲ್ಲೇ ಅದು ಪೂರ್ತಿ ಬೆಳೆದಿರುತ್ತದೆ. ಆಮೇಲೆ ದೊಡ್ಡ ಜಾತಿಯವು ಬೇಗ ಮುದಿಯಾಗುತ್ತವೆ, ಚಿಕ್ಕವು ಹೆಚ್ಚು ಕಾಲ ಬಾಳುತ್ತವೆ. ಬೊಳ್ಳುವಿನ ಕಣ್ಣಿಗೆ ನೀಲಿ ಮಬ್ಬು ಬಂತು. ಕಿವಿ ಕೇಳದೆ ಗೇಟಿನವರೆಗೆ ಬಂದವರಿಗೂ ಬೊಗಳದಾಯಿತು. ಹಿಂಗಾಲು ಗಟ್ಟಿಯಾಗಿ, ಏಳುವಾಗ ಎರಡೆರಡು ಬಾರಿ ಜಾರುತ್ತಿತ್ತು. ನಾವೆಲ್ಲ ಇದನ್ನು ವಯಸ್ಸು ಎಂದು ಬಿಟ್ಟೆವು. "ವಯಸ್ಸು ರೋಗವಲ್ಲ, ಇದು ಸಂಧಿ ನೋವು" ಎಂದು ಪಶುವೈದ್ಯರು ಹೇಳಿದ್ದು ತುಂಬ ತಡವಾಗಿ, ನಮ್ಮ ಹಸುವನ್ನು ನೋಡಲು ಬಂದವರು ಅಕಸ್ಮಾತ್ ಅದನ್ನೂ ಗಮನಿಸಿದಾಗ.

ನಾಯಿಗಳು ನೋವನ್ನು ಅತ್ತು ತೋರಿಸುವುದು ಕಡಿಮೆ. ಒಂದೇ ಜಾಗ ನೆಕ್ಕುತ್ತಿರುವುದು, ಸೆಖೆಯಿಲ್ಲದೆ ಏದುಸಿರು, ಮೂಲೆ ಸೇರುವುದು, ಮುಟ್ಟಲು ಹೋದರೆ ಗುರ್ ಎನ್ನುವುದು, ಇವೆಲ್ಲ ನೋವಿನ ಭಾಷೆಯಂತೆ. ನಾವು ಅದನ್ನು ಮುದಿನಾಯಿಯ ಸಿಡುಕು ಎಂದುಕೊಂಡಿದ್ದೆವು.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಅದಕ್ಕೂ ಮೊದಲು ನಾನೇ ಉಮ್ಮನ ಮಂಡಿನೋವಿನ ಮಾತ್ರೆಯನ್ನು ಗಂಜಿಯಲ್ಲಿ ಕಲಸಿ ಹಾಕಿದ್ದೆ. ಅಲ್ಲಾಹನ ದಯೆ, ಅದು ಅನ್ನ ತಿಂದು ಮಾತ್ರೆಯನ್ನು ಉಗುಳಿತ್ತು. ಐಬುಪ್ರೊಫೇನ್, ಡಿಕ್ಲೊಫೆನಾಕ್‌ನಂಥ ನಮ್ಮ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ ಎಂದು ವೈದ್ಯರು ಗದರಿದರು. ಬೆಕ್ಕಿಗಂತೂ ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಸಾಕು, ಪ್ರಾಣವೇ ಹೋಗಬಹುದು. ಡಿಕ್ಲೊಫೆನಾಕ್ ಕೊಟ್ಟ ದನಗಳ ಹೆಣ ತಿಂದು ರಣಹದ್ದುಗಳು ಅಳಿದುಹೋದ ಕಾರಣ ಜಾನುವಾರುಗಳಿಗೆ ಅದನ್ನು ಕೊಡುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಲಾಗಿದೆ. ವೈದ್ಯರು ಬೊಳ್ಳುವಿಗೆ ಮೆಲಾಕ್ಸಿಕ್ಯಾಂ ಎಂಬ ಔಷಧಿಯನ್ನು ತೂಕ ಅಂದಾಜಿಸಿ ಕೊಟ್ಟರು. ನೆಲದ ತಂಪು ತಾಗದಂತೆ ಗೋಣಿ ದಪ್ಪಗೆ ಹಾಸಲು ಹೇಳಿದರು. ಹತ್ತೇ ದಿನದಲ್ಲಿ ಅದು ಮತ್ತೆ ತೋಟದ ತನಕ ಬಾಪನ ಹಿಂದೆ ಹೋಗತೊಡಗಿತು. ಸಾಯಲು ಬಿಟ್ಟ ಜೀವಕ್ಕೆ ಒಂದೂವರೆ ವರ್ಷ ಸಿಕ್ಕಿತು. ಕೊನೆಯ ವಿದಾಯದ ಮಾತಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ನೋವಿಗೆ ಔಷಧಿ ಕೊಟ್ಟು ನೋಡಿದ್ದೇವೆಯೇ?

2023ರ ರಮಝಾನ್‌ನ ಹೊತ್ತಿಗೆ ಬೇರೆ ಕಥೆ ಶುರುವಾಯಿತು. ಬೊಳ್ಳು ಬಕೆಟ್ಟುಗಟ್ಟಲೆ ನೀರು ಕುಡಿಯುತ್ತಿತ್ತು, ಮಲಗಿದಲ್ಲೇ ಮೂತ್ರ ಹೋಗುತ್ತಿತ್ತು. ಮೈ ಎಲುಬಾಯಿತು. ರಕ್ತ ಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡಗಳು ಸೋಲುತ್ತಿವೆ ಎಂದು ತಿಳಿಯಿತು. ನೋವಿನ ಔಷಧಿಯನ್ನೂ ನಿಲ್ಲಿಸಬೇಕಾಯಿತು. ವೈದ್ಯರು ನೇರವಾಗಿಯೇ ಹೇಳಿದರು, "ಗುಣವಾಗುವುದಿಲ್ಲ. ಇನ್ನು ನೀವು ನಿರ್ಧರಿಸಬೇಕು."

ಮನೆಯಲ್ಲಿ ಅಭಿಪ್ರಾಯಗಳಿಗೆ ಬರವಿರಲಿಲ್ಲ. ಗಲ್ಫ್‌ನಲ್ಲಿರುವ ಅಣ್ಣ ಫೋನಿನಲ್ಲಿ, "ಇಂಜೆಕ್ಷನ್ ಕೊಡಿಸಿ ಮುಗಿಸಿ, ಉಮ್ಮನಿಗೆ ಆ ವಾಸನೆಯಲ್ಲಿ ಕಷ್ಟ" ಎಂದ. ನೆರೆಮನೆಯವರು ಬೆಳೆ ರಕ್ಷಣೆಯ ಕೋವಿ ತರುತ್ತೇನೆ, ಒಂದು ಕ್ಷಣದ ಕೆಲಸ ಎಂದರು. ಕೆಲಸದವನೊಬ್ಬ ಗೋಣಿಯಲ್ಲಿ ಕಟ್ಟಿ ದೂರದ ಸಂತೆಯಲ್ಲಿ ಬಿಟ್ಟು ಬರುವ ಸಲಹೆ ಕೊಟ್ಟ. ಇದು ನಮ್ಮ ಕಡೆ ತುಂಬ ನಡೆಯುತ್ತದೆ, ಹೇಳಲು ನಾಚಿಕೆಯಾಗುತ್ತದೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಕೈಬಿಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರವೂ ಅಪರಾಧ. ಕಣ್ಣು ಕಾಣದ, ಕಿವಿ ಕೇಳದ ನಾಯಿ ಸಂತೆಯಲ್ಲಿ ಎಷ್ಟು ದಿನ ಬದುಕೀತು? ಬಾಪ ಮಾತ್ರ, "ಜೀವ ಕೊಟ್ಟವನೇ ತೆಗೆಯಲಿ, ನಾವು ಯಾರು?" ಎಂದು ಎದ್ದು ಹೋದರು.

ನಾನು ಕಿತಾಬು ತೆರೆದೆ. ಓದಿದವಳಿಗೆ ಇನ್ನೇನು ದಾರಿ? ಶಾಫಿಈ ಕಿತಾಬುಗಳಲ್ಲಿ ಮಾತು ಬಿಗಿಯಾಗಿದೆ. ತಿನ್ನದ ಪ್ರಾಣಿಯನ್ನು ನೋವಿನಿಂದ ಬಿಡುಗಡೆ ಮಾಡುವ ಉದ್ದೇಶದಿಂದಲೂ ಕೊಯ್ಯಬಾರದೆಂದಿದೆ. ನಡೆಯಲಾರದ ಕತ್ತೆಯನ್ನೇ ಉದಾಹರಣೆ ಕೊಟ್ಟಿದ್ದಾರೆ. ನನಗೆ ಪಾಠ ಹೇಳಿದ ಹಿರಿಯ ಉಸ್ತಾದರೂ ಫೋನಿನಲ್ಲಿ ಅದನ್ನೇ ಹೇಳಿದರು. ಇನ್ನೊಬ್ಬ ವಿದ್ವಾಂಸರು ಬೇರೆ ಮಾತು ಹೇಳಿದರು. ಮಾಲಿಕಿ ಉಲಮಾಗಳು ಗುಣವಾಗದ ಪ್ರಾಣಿಯ ನೋವು ನೀಗಿಸಲು ಅನುಮತಿ ಕೊಟ್ಟಿದ್ದಾರೆ, ಈ ಕಾಲದ ಹಲವು ವಿದ್ವಾಂಸರೂ ವೈದ್ಯರು ಕೈಚೆಲ್ಲಿದ ಮೇಲೆ ಅದನ್ನು ಒಪ್ಪುತ್ತಾರೆ, ಆದರೆ ವಿಧಾನದಲ್ಲಿ ಹಿಂಸೆ ಇರಬಾರದು ಎಂದರು. ಕೊಲ್ಲಬೇಕಾಗಿ ಬಂದಾಗಲೂ ಉತ್ತಮ ರೀತಿಯಲ್ಲಿ ಕೊಲ್ಲಬೇಕೆಂಬ ಹದೀಸನ್ನು ನೆನಪಿಸಿದರು. ನಾನು ಮುಫ್ತಿಯಲ್ಲ. ಇಂಥ ಸಂದರ್ಭ ಬಂದವರು ತಮ್ಮ ಉಲಮಾಗಳನ್ನೇ ಕೇಳಬೇಕು. ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲದ ಒಂದು ವಿಷಯ ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. ಹದಿಮೂರನೆಯ ಶತಮಾನದ ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್ ಅವರು ಮನುಷ್ಯನ ಮೇಲೆ ಪ್ರಾಣಿಗಿರುವ ಹಕ್ಕುಗಳನ್ನು ಎಣಿಸುತ್ತಾ, ಅದು ಮುದಿಯಾಗಿ ಅಥವಾ ರೋಗದಿಂದ ಯಾವ ಪ್ರಯೋಜನಕ್ಕೂ ಬಾರದೆ ಹೋದರೂ ಅದರ ಖರ್ಚು ಯಜಮಾನನ ಮೇಲಿದೆ ಎಂದು ಬರೆದಿದ್ದಾರೆ. ಕಾವಲು ಮುಗಿಯಿತೆಂದು ಗಂಜಿ ನಿಲ್ಲಿಸುವ ಅಧಿಕಾರ ನಮಗಿಲ್ಲ.

ಹಾಗಾದರೆ ಯಾವಾಗ? ವೈದ್ಯರು ಒಂದು ಉಪಾಯ ಹೇಳಿದರು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ಒಂದು ಅಳತೆಪಟ್ಟಿ ಮಾಡಿದ್ದಾರಂತೆ. ನೋವು, ಹಸಿವು, ನೀರು, ಶುಚಿತ್ವ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ವಿಷಯಗಳಿಗೆ ತಲಾ ಹತ್ತರಂತೆ ಅಂಕ ಹಾಕುವುದು. ಮೂವತ್ತೈದಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸಬಹುದು. ಉಮ್ಮನಿಗೆ ಅಂಕಗಳ ಗೊಡವೆ ಬೇಕಿರಲಿಲ್ಲ. ಏಳರಲ್ಲಿ ಕೊನೆಯದನ್ನು ಮಾತ್ರ ಹಿಡಿದುಕೊಂಡರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಒಳ್ಳೆಯ ದಿನಕ್ಕೆ ಸೊನ್ನೆ, ಕೆಟ್ಟ ದಿನಕ್ಕೆ ಗೀಟು.

ನೋಡಿ, ದೂರದಲ್ಲಿದ್ದ ಅಣ್ಣನಿಗಾಗಲಿ ವಾರಕ್ಕೊಮ್ಮೆ ಹೋಗುವ ನನಗಾಗಲಿ ಗೊತ್ತಾಗದ್ದು ದಿನವೂ ತಟ್ಟೆ ಇಡುವವರಿಗೆ ಗೊತ್ತಾಗುತ್ತದೆ. ನಾವು ಹೋದಾಗ ಬೊಳ್ಳು ಬಾಲ ಆಡಿಸುತ್ತಿತ್ತು, "ಇನ್ನೂ ಚೆನ್ನಾಗಿದೆಯಲ್ಲ" ಎನ್ನುತ್ತಿದ್ದೆವು. ಒಂದು ಗಳಿಗೆಯ ಬಾಲ ನೋಡಿ ಇಪ್ಪತ್ತನಾಲ್ಕು ಗಂಟೆಯ ತೀರ್ಪು ಕೊಡುತ್ತಿದ್ದೆವು. ಎಪ್ರಿಲ್‌ನಲ್ಲಿ ಸೊನ್ನೆಗಳೇ ಹೆಚ್ಚಿದ್ದವು. ಮೇ ಎರಡನೆಯ ವಾರದಲ್ಲಿ ಗೀಟುಗಳು ಸಾಲಾಗಿ ಬಂದವು. ಉಮ್ಮ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ದಿನಕ್ಕೆರಡು ಬಾರಿ ಗೋಣಿ ಬದಲಿಸುತ್ತಿದ್ದರು, ಮಗ್ಗುಲು ಮಗುಚಿ ಹಾಕುತ್ತಿದ್ದರು, ಆದರೂ ಸೊಂಟದಲ್ಲಿ ಹುಣ್ಣಾಯಿತು. ನೊಣ ಮುತ್ತತೊಡಗಿದವು. ಒಂದು ಸಂಜೆ ಬಾಪನಿಗೆ ಚಹಾ ಕೊಡುತ್ತಾ ಉಮ್ಮ ಹೇಳಿದರಂತೆ, "ಮೀನಿನವನ ಹಾರ್ನ್ ಕೇಳದಿದ್ದರೂ ವಾಸನೆಗೆ ತಲೆ ಎತ್ತುತ್ತಿತ್ತು. ಮೂರು ದಿನವಾಯಿತು, ಎತ್ತಿಲ್ಲ."

ಬಾಪ ಆ ರಾತ್ರಿ ಟಾರ್ಚ್ ಹಿಡಿದು ಗೂಡಿನ ಹತ್ತಿರ ತುಂಬ ಹೊತ್ತು ನಿಂತಿದ್ದರು. ಮರುದಿನ ವೈದ್ಯರಿಗೆ ಫೋನ್ ಮಾಡಿದ್ದು ಅವರೇ. ನನಗೆ ಹೇಳಿದ್ದು ಇಷ್ಟೇ, "ನೀನು ಕೇಳಿದ ಎರಡನೆಯ ಉಸ್ತಾದರ ಮಾತು. ಅಲ್ಲಾಹನಲ್ಲಿ ನಾನು ಉತ್ತರ ಹೇಳುತ್ತೇನೆ."

ಹೇಗೆ ನಡೆಯುತ್ತದೆಂದು ಅನೇಕರಿಗೆ ಭಯವಿರುವುದರಿಂದ ಬರೆಯುತ್ತೇನೆ. ಮೊದಲು ಒಂದು ಇಂಜೆಕ್ಷನ್‌ನಿಂದ ಅದನ್ನು ನಿದ್ದೆಗೆ ಕಳಿಸಿದರು. ಬೊಳ್ಳು ಗೊರಕೆ ಹೊಡೆಯತೊಡಗಿದ ಮೇಲೆಯೇ ಕಾಲಿನ ನರಕ್ಕೆ ಎರಡನೆಯದನ್ನು ಕೊಟ್ಟರು. ಅದು ಅರಿವಳಿಕೆಯ ಅತಿ ಪ್ರಮಾಣ. ಅರಿವು ತಪ್ಪಿಸದೆ ನೇರವಾಗಿ ಹೃದಯ ನಿಲ್ಲಿಸುವ ಔಷಧಿ ಚುಚ್ಚುವುದು ಕ್ರೌರ್ಯ, ಹಾಗೆ ಮಾಡುವವರಿದ್ದರೆ ಒಪ್ಪಬೇಡಿ, ಮೊದಲು ನಿದ್ದೆ ಬರಿಸುತ್ತೀರಾ ಎಂದು ಕೇಳಿ. ಉಸಿರು ನಿಂತ ಮೇಲೂ ಕಣ್ಣು ತೆರೆದೇ ಇರುತ್ತದೆ, ಒಮ್ಮೊಮ್ಮೆ ಎದೆ ಎಳೆದುಕೊಂಡಂತಾಗುತ್ತದೆ, ಮೂತ್ರ ಹೋಗುತ್ತದೆ. ಅದು ನೋವಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರಿಂದ ನಾವು ಗಾಬರಿಯಾಗಲಿಲ್ಲ. ಎಲ್ಲ ಮುಗಿಯಲು ಕಾಲು ಗಂಟೆಯೂ ಹಿಡಿಯಲಿಲ್ಲ.

ಹದಿಮೂರು ವರ್ಷ ನಾಯಿಯನ್ನು ಕೈಯಿಂದ ಮುಟ್ಟದ ಬಾಪ ಆವತ್ತು ಗೋಣಿಯ ಪಕ್ಕ ಕುಳಿತು ಅದರ ನೆತ್ತಿಯ ಮೇಲೆ ಕೈ ಇಟ್ಟಿದ್ದರು. ಅದರ ಬಾಯಿಯ ಜೊಲ್ಲು ಅವರ ಬೆರಳಿಗೆ ತಾಗಿತ್ತು. ಆಮೇಲೆ ತೊಟ್ಟಿಯ ಬಳಿ ಹೋಗಿ ಏಳು ಸಲ ಕೈ ತೊಳೆದರು, ಒಮ್ಮೆ ಮಣ್ಣು ಹಾಕಿ. ಬಟ್ಟೆ ಬದಲಿಸಿ, ವುಝೂ ಮಾಡಿ ಅಸರ್ ನಮಾಝಿಗೆ ನಿಂತರು.

ಗುಂಡಿಯನ್ನು ತೋಟದ ಮೇಲಿನ ಬದಿಯಲ್ಲಿ, ಬಾವಿಯಿಂದ ದೂರ ತೋಡಿದ್ದೆವು. ಮಾಮೂಲಿಗಿಂತ ಆಳವಾಗಿ ತೋಡಲು ವೈದ್ಯರೇ ಹೇಳಿದ್ದರು. ಔಷಧಿ ಶರೀರದಲ್ಲೇ ಉಳಿಯುವುದರಿಂದ ನರಿಯೋ ಹದ್ದೋ ತಿಂದರೆ ಅದೂ ಸಾಯುತ್ತದಂತೆ. ಮಣ್ಣು ಮುಚ್ಚಿ ಮೇಲೆ ಕಲ್ಲು ಹೇರಿದರು. ಅಣ್ಣನಿಗೆ ಫೋನಿನಲ್ಲಿ ತಿಳಿಸಿದಾಗ, ಮುಗಿಸಿಬಿಡಿ ಎಂದಿದ್ದವನೇ ಮಾತಾಡಲಾಗದೆ ಫೋನ್ ಇಟ್ಟ.

ಎರಡು ದಿನ ಬಿಟ್ಟು ಬಂದ ಮೀನಿನವನು ಅಭ್ಯಾಸದಂತೆ ತಲೆಗಳನ್ನು ಬೇರೆ ಕಟ್ಟಿ ಕೊಟ್ಟನಂತೆ. ಉಮ್ಮ ಬೇಡವೆನ್ನಲಿಲ್ಲ. ತೆಗೆದುಕೊಂಡು ಹಟ್ಟಿಯ ಬೆಕ್ಕಿಗೆ ಹಾಕಿದರು.